ಕೋಲಿನಷ್ಟೇ ಬಾಗಿಲು

ಸಮುದ್ರದ ಈಚೆ ದಡದಲ್ಲಿ ಒಂದು ಊರಿತ್ತು. ದೇವರು ಆ ಊರಿಗೆ ಯಾವುದನ್ನೂ ಕಡಿಮೆ ಮಾಡಿರಲಿಲ್ಲ. ಹೊಳೆಯಲ್ಲಿ ಮೀನುಗಳು ಒಂದರ ಮೈಗೆ ಒಂದು ತಾಗಿಕೊಂಡು ಈಜುತ್ತಿದ್ದವು. ಕಾಡಿನ ಮರಗಳ ತುದಿ ನೋಡಲು ಹೋದವನ ಟೋಪಿ ಹಿಂದಕ್ಕೆ ಬೀಳುತ್ತಿತ್ತು. ಜೋಳದ ತೆನೆ ಅಂಗೈಗೆ ಭಾರವಾಗುತ್ತಿತ್ತು, ಕುಂಬಳ ಬಳ್ಳಿಯಲ್ಲೇ ಮಲಗಿ ಕೊಬ್ಬುತ್ತಿತ್ತು. ಇಷ್ಟೆಲ್ಲ ಕೊಟ್ಟ ದೇವರ ಊರಿನಲ್ಲಿ ಜನ ಮಾತ್ರ ಬಗ್ಗಿ ನಡೆಯುತ್ತಿದ್ದರು.

ಬಗ್ಗಿ ನಡೆಯಲು ಕಾರಣ ಬಾಗಿಲು. ಬಾಗಿಲಿಗೆ ಕಾರಣ ಕೋಲು. ಕೋಲಿಗೆ ಕಾರಣ ಗ್ರಂಥ.

ಆಚೆ ದಡದಿಂದ, ಅಂದರೆ ಇವರ ಅಜ್ಜಂದಿರು ಬಿಟ್ಟುಬಂದ ದಡದಿಂದ, ವರ್ಷಕ್ಕೊಂದು ಹಡಗು ಬರುತ್ತಿತ್ತು. ಅದರಲ್ಲಿ ಒಂದು ಗ್ರಂಥ ಬರುತ್ತಿತ್ತು. ಆಚೆ ದಡದ ಪಂಡಿತರು ಈಚೆ ದಡವನ್ನು ಕಣ್ಣಾರೆ ಕಾಣದೆ, ಬುದ್ಧಿಯ ಬೆಳಕೊಂದನ್ನೇ ನಂಬಿ ಬರೆದ ಗ್ರಂಥ ಅದು. ಈಚೆ ದಡದ ನೆಲ ತೇವ, ಗಾಳಿ ತೆಳುವು, ಆದ್ದರಿಂದ ಅಲ್ಲಿನ ಜಿಂಕೆ ಕುಳ್ಳು, ಅಲ್ಲಿನ ಹಕ್ಕಿಗೆ ಹಾಡು ಬಾರದು, ಅಲ್ಲಿ ನೆಲೆಸಿದ ಮನುಷ್ಯ ವರ್ಷ ವರ್ಷ ಕುಗ್ಗುತ್ತಾನೆ ಎಂದು ಅದರಲ್ಲಿತ್ತು. ಕುಗ್ಗಿದವನಿಗೆ ಎತ್ತರದ ಬಾಗಿಲು ಅಹಂಕಾರ. ಕೋಲಿನಷ್ಟೇ ಬಾಗಿಲು ಇರತಕ್ಕದ್ದು.

ಗ್ರಂಥದ ಜೊತೆ ಅಳತೆಗಾರನೂ ಬರುತ್ತಿದ್ದ. ಅವನ ಕೈಯಲ್ಲಿ ಆ ವರ್ಷದ ಕೋಲು. ಕೋಲು ಎಷ್ಟಿದೆಯೋ ಅಷ್ಟಕ್ಕೆ ಬಡಗಿ ಊರಿನ ಬಾಗಿಲುಗಳನ್ನೆಲ್ಲ ಇಳಿಸುತ್ತಿದ್ದ. ಆಮೇಲೆ ಅಳತೆಗಾರ ಜನರನ್ನು ಸಾಲಾಗಿ ನಿಲ್ಲಿಸಿ ಅಳೆಯುತ್ತಿದ್ದ. ಹುಟ್ಟಿದಂದಿನಿಂದ ಬಗ್ಗಿ ಬಗ್ಗಿ ಒಳಗೆ ಹೊರಗೆ ಓಡಾಡಿದ ಜನ ಬಯಲಿನಲ್ಲೂ ಬಗ್ಗಿಯೇ ನಿಲ್ಲುತ್ತಿದ್ದರು. ಎಲ್ಲರ ತಲೆಯೂ ಕೋಲಿಗೆ ಸರಿಯಾಗಿ ಬರುತ್ತಿತ್ತು. "ನೋಡಿ, ಗ್ರಂಥದಲ್ಲಿ ಇದ್ದ ಹಾಗೇ ಇದ್ದೀರಿ," ಎಂದು ಅಳತೆಗಾರ ಸಂತೋಷಪಟ್ಟು ಬರೆದುಕೊಳ್ಳುತ್ತಿದ್ದ. ಜನರೂ ಸಂತೋಷಪಡುತ್ತಿದ್ದರು. ಗ್ರಂಥದಲ್ಲಿ ಇದ್ದ ಹಾಗೆ ಇರುವುದೆಂದರೆ ಸಣ್ಣ ಮಾತೇ?

ಆ ಊರಿನಲ್ಲಿ ಎದುರಿಗೆ ಸಿಕ್ಕವರು ನಮಸ್ಕಾರ ಅನ್ನುತ್ತಿರಲಿಲ್ಲ. "ಹಣೆ ಜೋಪಾನ," ಅನ್ನುತ್ತಿದ್ದರು. ಎಲ್ಲರ ಹಣೆಯ ಮೇಲೂ ಬಾಗಿಲ ಮೇಲಿನ ಪಟ್ಟಿ ಬಡಿದು ಮೂಡಿದ ನೀಲಿ ಗುರುತು. ಅದನ್ನು ಅವರು ಭಕ್ತಿಯ ಗುರುತೆಂದೇ ತಿಳಿದಿದ್ದರು.

ಆ ಊರಿನಲ್ಲಿ ಒಬ್ಬ ಹಾಡಿನವಳಿದ್ದಳು. ಸುಗ್ಗಿ ಮುಗಿದ ಮೇಲೆ ಬರುವ ಕೃತಜ್ಞತೆಯ ದಿನ ಪ್ರಾರ್ಥನೆಯ ಮನೆಯಲ್ಲಿ ಹಾಡು ಎತ್ತಿಕೊಡುವುದು ಅವಳ ಕೆಲಸ. ಹಾಡೂ ಆಚೆ ದಡದ್ದೇ. ದ್ರಾಕ್ಷಿಯ ತೋಟಕ್ಕಾಗಿ ನಿನಗೆ ಸ್ತೋತ್ರ, ಇರುಳಲ್ಲಿ ಹಾಡುವ ಬೂದು ಹಕ್ಕಿಗಾಗಿ ನಿನಗೆ ಸ್ತೋತ್ರ ಎಂದು ಅದರಲ್ಲಿತ್ತು. ಈಚೆ ದಡದಲ್ಲಿ ದ್ರಾಕ್ಷಿಯ ತೋಟವೂ ಇರಲಿಲ್ಲ, ಆ ಹಕ್ಕಿಯೂ ಇರಲಿಲ್ಲ. ಕಾಣದ್ದಕ್ಕೆ ಕೈಮುಗಿದು, ಕಂಡದ್ದನ್ನು ಸುಮ್ಮನೆ ತಿಂದು ಅವರು ಮನೆಗೆ ಹೋಗುತ್ತಿದ್ದರು. ಬಗ್ಗಿದ ಎದೆಯಲ್ಲಿ ಉಸಿರಿಗೆ ಜಾಗ ಸಾಲದು. ಆದ್ದರಿಂದ ಹಾಡಿನವಳ ದನಿ ಮೊದಲ ಸಾಲಿನ ಜನಕ್ಕೆ ಕೇಳಿಸಿದರೆ ಹಿಂದಿನ ಸಾಲಿಗೆ ಕೇಳಿಸುತ್ತಿರಲಿಲ್ಲ.

ಅವಳ ಗಂಡ ಗಂಟೆಯವನು. ಪ್ರಾರ್ಥನೆಯ ಮನೆಯ ಹೊರಗೆ ಎತ್ತರದ ಕಂಬಕ್ಕೆ ಕಟ್ಟಿದ ಗಂಟೆ ಅವನದು. ಮದುವೆಯಾದ ಹೊಸದರಲ್ಲಿ, ಹಗ್ಗ ಬದಲಿಸಲು ಹತ್ತಿದವನು ಅಲ್ಲಿಂದ ಬಿದ್ದ. ದೇವರು ಪ್ರಾಣ ಉಳಿಸಿದ. ಆದರೆ ಬೆನ್ನು ಹಲಗೆಯಾಯಿತು. ಅಂದಿನಿಂದ ಅವನು ಬಗ್ಗಲಾರ, ಮಂಡಿಯೂರಲಾರ. ಇಡೀ ಊರಿನಲ್ಲಿ ನೆಟ್ಟಗೆ ನಿಂತವನು ಅವನೊಬ್ಬನೇ. ಕಂಡವರು ಅವನಿಗೆ ಸೊಕ್ಕು ಅನ್ನುತ್ತಿದ್ದರು, ಅಳತೆಯ ಸಾಲಿಗೂ ಅವನನ್ನು ಸೇರಿಸುತ್ತಿರಲಿಲ್ಲ.

"ಏನಯ್ಯಾ ಗಂಟೆಯವನೇ, ಮೋಡದವರೆಲ್ಲ ಕ್ಷೇಮವಾ?" ಎಂದು ಬಡಗಿ ದಾರಿಯಲ್ಲಿ ಕೆಣಕುತ್ತಿದ್ದ.

"ಕ್ಷೇಮ. ನಿನ್ನ ಬೋಳುತಲೆಯನ್ನ ಅವರೂ ದಿನಾ ನೋಡ್ತಿದಾರಂತೆ," ಅನ್ನುತ್ತಿದ್ದ ಗಂಟೆಯವನು.

ಈ ನಗೆಯ ಹಿಂದೆ ಒಂದು ಭಯವಿತ್ತು. ಕೃತಜ್ಞತೆಯ ದಿನ ತನ್ನ ಕಾಲ ಮೇಲೋ ಮಂಡಿಯ ಮೇಲೋ ನಡೆದು ಪ್ರಾರ್ಥನೆಯ ಮನೆಯೊಳಗೆ ಬಂದವನೇ ಊರಿನವನು ಎಂದು ನೇಮವಿತ್ತು. ಬರಲಾರದವನು ಊರಿನವನಲ್ಲ. ಆ ವರ್ಷ ಬಂದ ಹಡಗಿನಲ್ಲೇ ಅವನು ಆಚೆ ದಡಕ್ಕೆ ಹೋಗಬೇಕು. ಹೋದವರು ಯಾರೂ ತಿರುಗಿ ಬಂದಿರಲಿಲ್ಲ.

ಆದ್ದರಿಂದ ಗಂಡಹೆಂಡತಿ ಒಂದು ದಾರಿ ಕಂಡುಕೊಂಡಿದ್ದರು. ಹಾಡಿನವಳು ಬಾಗಿಲ ಮುಂದೆ ಪೂರಾ ಬಗ್ಗುತ್ತಿದ್ದಳು. ಗಂಟೆಯವನು ಅವಳಿಗೆ ಬೆನ್ನು ಮಾಡಿ, ಅವಳ ಬಗ್ಗಿದ ಬೆನ್ನ ಮೇಲೆ ತನ್ನ ನೆಟ್ಟ ಬೆನ್ನನ್ನು ಒರಗಿಸುತ್ತಿದ್ದ. ಅವಳು ಮುಂದೆ ಮುಂದೆ ನಡೆದರೆ ಅವನು ಹಿಮ್ಮಡಿಯ ಮೇಲೆ ಹಿಂದೆ ಹಿಂದೆ ಬರುತ್ತಿದ್ದ, ಆಕಾಶ ನೋಡುತ್ತಾ. ಬಾಗಿಲ ಪಟ್ಟಿ ಅವನ ಮೂಗಿನ ಮೇಲೆ ಹಾದುಹೋಗುತ್ತಿತ್ತು. ಒಳಗೆ ಸೇರಿದ ಮೇಲೆ, "ಇವತ್ತು ಆಕಾಶ ಚೆನ್ನಾಗಿತ್ತು ಕಣೇ," ಎಂದು ಅವಳ ಕಿವಿಯಲ್ಲಿ ಹೇಳುತ್ತಿದ್ದ. ಹೀಗೆ ವರ್ಷಗಳು ಕಳೆದವು. ದೇವರ ದಯೆ ದೊಡ್ಡದು.

ಆ ವರ್ಷ ಹಡಗು ಬಂತು. ಅಳತೆಗಾರ ಇಳಿದ. ಕೋಲನ್ನು ನೋಡಿದ ಹಾಡಿನವಳ ಕೈಯಿಂದ ನೀರಿನ ಕೊಡ ಜಾರಿತು. ಕೋಲು ಹಿಂದಿನದಕ್ಕಿಂತ ಗೇಣುದ್ದ ಗಿಡ್ಡವಾಗಿತ್ತು.

ಬಡಗಿ ಬಾಗಿಲುಗಳನ್ನು ಇಳಿಸಿದ. ಪ್ರಾರ್ಥನೆಯ ಮನೆಗೆ ಇನ್ನು ಮಂಡಿಯೂರಿಯೇ ನುಗ್ಗಬೇಕು. ಹಾಡಿನವಳು ಮನೆಯಲ್ಲಿ ಎರಡು ಗೂಟದ ಮೇಲೆ ಅಡ್ಡಕೋಲು ಇಟ್ಟು ಗಂಡನನ್ನು ಬೆನ್ನ ಮೇಲೆ ಒರಗಿಸಿಕೊಂಡು ನುಗ್ಗಿ ನೋಡಿದಳು. ಅವನ ಮೂಗು ಬಡಿಯಿತು. ಮತ್ತಷ್ಟು ಬಗ್ಗಿದಳು. ಭಾರಕ್ಕೆ ಕುಸಿದಳು. ಇಬ್ಬರೂ ನೆಲದ ಮೇಲೆ.

"ಮೂಗನ್ನ ಒಂದಿಷ್ಟು ಕೆತ್ತಿಕೊಡು ಅಂತ ಬಡಗಿಗೆ ಹೇಳೋಣ," ಅಂದ ಗಂಟೆಯವನು, ಅಂಗಾತ ಬಿದ್ದಲ್ಲಿಂದಲೇ.

"ಸುಮ್ಮನಿರ್ರೀ. ನಗೋ ಹೊತ್ತಾ ಇದು?"

"ನೀನು ಅಳೋಕೆ ಶುರು ಮಾಡಿದ್ರೆ ಬಗ್ಗಿ ಕಣ್ಣೊರೆಸೋಕೂ ನನ್ನ ಕೈಲಾಗಲ್ಲ ಕಣೇ. ಅದಕ್ಕೇ ನಗ್ತಿದೀನಿ."

ಅವಳು ಊರ ಹಿರಿಯನ ಹತ್ತಿರ ಹೋದಳು. ಹಿರಿಯ ಒಳ್ಳೆಯವನು. ಅವನ ಹಣೆಯ ಗುರುತು ಎಲ್ಲರದಕ್ಕಿಂತ ನೀಲಿ. "ನಾನೇನು ಮಾಡಲಿ ತಂಗೀ, ಗ್ರಂಥದಲ್ಲಿ ಇದೆಯಲ್ಲ," ಅಂದ. "ನಮ್ಮಜ್ಜನ ದಡದಿಂದ ಬಂದ ಮಾತು. ತಳ್ಳಿಹಾಕಿದರೆ ನಾವು ಯಾರು? ಯಾರ ಮಕ್ಕಳು? ನೀನೇ ಹೇಳು."

ಅವಳು ಅಳತೆಗಾರನ ಹತ್ತಿರ ಹೋದಳು. "ಸ್ವಾಮೀ, ನನ್ನ ಗಂಡನನ್ನೂ ಒಂದು ಸಲ ಅಳೆದು ನೋಡಿ. ಆ ಮೇಲೆ ತೀರ್ಮಾನ ಮಾಡಿ." ಅಳತೆಗಾರ ಕೆಟ್ಟವನಲ್ಲ. ಅಳತೆ ಸುಳ್ಳು ಹೇಳದು ಎಂಬುದು ಅವನ ನಂಬಿಕೆ. ಅವನು ಬಂದು ಗಂಟೆಯವನ ಪಕ್ಕ ಕೋಲು ನಿಲ್ಲಿಸಿದ. ಕೋಲು ಗಂಟೆಯವನ ಎದೆಗೆ ಬಂದು ನಿಂತಿತು. ಅಳತೆಗಾರ ತಲೆಯಾಡಿಸಿದ. ಗ್ರಂಥದ ಹಾಳೆ ತಿರುವಿದ. ಮತ್ತೆ ತಲೆಯಾಡಿಸಿದ.

"ಇಂಥ ಮನುಷ್ಯ ಈ ದಡದಲ್ಲಿ ಇರೋದಕ್ಕೆ ಸಾಧ್ಯವೇ ಇಲ್ಲಮ್ಮ. ಇವನು ನಮ್ಮ ಕಡೆಯವನು. ಕರಕೊಂಡು ಹೋಗ್ತೀನಿ. ಅಲ್ಲಿ ಬಾಗಿಲುಗಳು ದೊಡ್ಡವು. ಸುಖವಾಗಿರ್ತಾನೆ."

"ನಾನು ಇಲ್ಲೇ ಹುಟ್ಟಿದವನಪ್ಪಾ," ಅಂದ ಗಂಟೆಯವನು. ಮೊದಲ ಸಲ ಅವನ ಮಾತಿನಲ್ಲಿ ನಗೆ ಇರಲಿಲ್ಲ. "ನನ್ನ ಹಲ್ಲು ಈ ನೆಲದ ಜೋಳ ಕಡಿದೇ ಸವೆದಿವೆ. ಅಲ್ಲಿ ನನಗೆ ಯಾರಿದಾರೆ?"

"ಕೃತಜ್ಞತೆಯ ದಿನ ಒಳಗೆ ಬಂದರೆ ನಮ್ಮ ಅಭ್ಯಂತರವಿಲ್ಲ," ಅಂದ ಅಳತೆಗಾರ, ಮೃದುವಾಗಿಯೇ.

ಕೃತಜ್ಞತೆಯ ದಿನ ಬೆಳಗಾಗುತ್ತಿದ್ದ ಹಾಗೆ ಹಾಡಿನವಳು ಹೊಳೆಗೆ ಹೋದಳು. ಮಂಜು ನೀರಿನ ಮೇಲೆ ಹಾಲಿನಂತೆ ಹರಡಿತ್ತು. ಅವಳು ಮಂಡಿಯೂರಿದಳು. ತಂದೇ, ನನ್ನ ಗಂಡನ ಬೆನ್ನು ಬಗ್ಗಿಸು. ಇಲ್ಲವೆ ನನ್ನ ಬೆನ್ನನ್ನು ಇನ್ನೂ ಬಗ್ಗಿಸು. ಹುಲ್ಲಿನ ಹಾಗೆ ಬಗ್ಗಿಸು. ಹೀಗೆ ಬೇಡಿಕೊಂಡಳು. ಮತ್ತೆ ಮತ್ತೆ ಬೇಡಿಕೊಂಡಳು.

ಮಂಜಿನಿಂದ ಒಂದು ಜಿಂಕೆ ಬಂತು. ಜಿಂಕೆಯೆಂದರೆ ಜಿಂಕೆಯಲ್ಲ, ನಡೆಯುವ ಮರ. ಅದರ ಕಾಲುಗಳ ನಡುವೆ ಒಬ್ಬ ಮನುಷ್ಯ ನಿಲ್ಲಬಹುದಿತ್ತು. ಅದರ ಕೊಂಬು ಎರಡು ಕಡೆಗೂ ಚಾಚಿ, ಆಕಾಶವನ್ನು ಹೊತ್ತ ಎರಡು ಅಂಗೈಗಳಂತಿತ್ತು. ಅದು ನೀರಿಗೆ ಬಂತು. ಕತ್ತು ಬಾಗಿಸಿತು. ಕುಡಿಯಿತು. ಕುಡಿದು ಮುಗಿಸಿ ಕತ್ತನ್ನು ಎತ್ತಿತು. ಬಾಗಿದ್ದು ನೀರಿಗೆ, ಬೇರೆ ಯಾವುದಕ್ಕೂ ಅಲ್ಲ. ಮತ್ತೆ ಮಂಜಿನೊಳಗೆ ಹೋಯಿತು.

ಅಲ್ಲಿನ ಜಿಂಕೆ ಕುಳ್ಳು ಎಂಬ ಗ್ರಂಥದ ಮಾತು ಹಾಡಿನವಳ ನೆನಪಿಗೆ ಬಂತು. ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. "ಎಷ್ಟು ದೊಡ್ಡದನ್ನ ಮಾಡಿದೀಯಪ್ಪಾ ತಂದೇ," ಅಂದಳು. "ಇಷ್ಟು ದಿನ ಇದಕ್ಕೆ ಒಂದು ಸ್ತೋತ್ರವನ್ನೂ ಹೇಳಲಿಲ್ಲವಲ್ಲ ನಾವು." ಆಚೆ ದಡದ ಯಾವ ಹಾಡಿನಲ್ಲೂ ಇರದ ಮಾತನ್ನು ಅವಳು ದೇವರಿಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಸಿಡಿಲು ಬೀಳಲಿಲ್ಲ. ಹೊಳೆ ಹರಿಯುತ್ತಲೇ ಇತ್ತು.

ಗಂಟೆ ಹೊಡೆಯಿತು. ಊರು ಮಂಡಿಯೂರಿ ಒಬ್ಬೊಬ್ಬರಾಗಿ ಪ್ರಾರ್ಥನೆಯ ಮನೆಯೊಳಗೆ ನುಗ್ಗಿತು. ಅಳತೆಗಾರನೂ ನುಗ್ಗಿದ. ಹೊರಗೆ ಉಳಿದವರು ಇಬ್ಬರೇ, ಗಂಟೆಯವನು ಮತ್ತು ಅವನ ಹೆಂಡತಿ.

"ನೀನು ಹೋಗು," ಅಂದ ಅವನು. "ಹಾಡು ನಿಲ್ಲಬಾರದು. ನಾನು ಹಡಗಿನಿಂದಲೇ ಕೇಳಿಸಿಕೊಳ್ತೀನಿ."

"ಮುಂದಿನ ಸಾಲು ದಾಟದ ನನ್ನ ದನಿ ಹಡಗಿನ ತನಕ ಬರತ್ತೇನ್ರೀ?"

ಒಳಗಿನಿಂದ ಹಿರಿಯ ಕರೆದ. "ಹಾಡಿನವಳೇ, ಬಾ ತಾಯಿ. ಹಾಡು ಎತ್ತು."

"ಬರಲಾರೆ ಅಣ್ಣಾ. ಇಲ್ಲಿಂದಲೇ ಎತ್ತುತ್ತೇನೆ."

ಅವಳು ಗಂಡನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನಿಂತಳು. ಪ್ರತಿ ವರ್ಷ ಅವನು ಅವಳ ಮೇಲೆ ಒರಗುತ್ತಿದ್ದ. ಈ ಸಲ ಅವಳು ಅವನ ಮೇಲೆ ಒರಗಿದಳು. ಸೊಂಟದ ಎಲುಬು ಚಟಕ್ಕೆಂದಿತು. ಬೆನ್ನ ಎಲುಬುಗಳೂ ಒಂದೊಂದಾಗಿ ಚಟಕ್ಕೆಂದವು. ಹೆಗಲು ಅವನ ಹೆಗಲಿಗೆ ಬಂತು. ಆಕಾಶ ಹಣೆಯ ಮುಂದೆಯೇ ಇತ್ತು. ಅವಳೊಳಗೆ ಉಸಿರು ಇಳಿಯಿತು, ಎಂದೂ ಇಳಿಯದ ಆಳಕ್ಕೆ ಇಳಿಯಿತು. ದ್ರಾಕ್ಷಿಯ ತೋಟಕ್ಕಾಗಿ ಎಂದು ಬಾಯಿ ತೆರೆದವಳ ಬಾಯಲ್ಲಿ ಬೇರೆಯೇ ಬಂತು.

ಕೊಟ್ಟೆಯಲ್ಲ ತಂದೆ, ಈ ಹಳದಿ ಜೋಳ ಕೊಟ್ಟೆ.
ಕೇಳುವ ಮೊದಲೇ ಹೊಳೆಯ ತುಂಬ ಮೀನು ಕೊಟ್ಟೆ.
ನಾವು ಬರುವ ಮೊದಲೇ ಮರಗಳ ನೆಟ್ಟು ಕೊಟ್ಟೆ.
ಮಂಜಿನೊಳಗೆ ನಡೆವ ದೊಡ್ಡ ಜಿಂಕೆ ಕೊಟ್ಟೆ.

ಮುಂದೆ ಜೋಳದ ಬೀಜವನ್ನು ಹಾಡಲು ಹೊರಟವಳಿಗೆ ಆ ಬೀಜ ಬಂದ ದಾರಿ ನೆನಪಾಯಿತು. ಆ ಬೀಜವನ್ನು ಊರಿಗೆ ಮೊದಲು ಕೊಟ್ಟವಳು ಕಾಡಿನ ಮುದುಕಿ. ಇವರು ಬರುವ ಮೊದಲೇ ಆ ಕಾಡು ಅವಳ ಜನರದಾಗಿತ್ತು. ಮೊದಲ ಚಳಿಯಲ್ಲಿ ಊರು ಹಸಿದಾಗ ಬುಟ್ಟಿ ಹೊತ್ತು ತಂದವಳು, ಆಗ ಎಳೆಯ ಹುಡುಗಿ, ಅವಳೇ. ಆಮೇಲೆ ಪ್ರತಿ ಕೃತಜ್ಞತೆಯ ದಿನ ಅವಳು ಪ್ರಾರ್ಥನೆಯ ಮನೆಯ ಬಾಗಿಲ ತನಕ ಬಂದು, ಬಾಗಿಲನ್ನು ನೋಡಿ, ಹಿಂತಿರುಗಿ ಹೋಗುತ್ತಿದ್ದಳು. ಅವಳಿಗೂ ಸೊಕ್ಕು ಅಂದಿತ್ತು ಊರು. ಹಾಡಿನವಳ ಕಣ್ಣು ತುಂಬಿತು.

ಮುದುಕಿಯ ಕೈಯಿಂದ ಬೀಜ ಕೊಟ್ಟೆ. ನಾವು ಸ್ತೋತ್ರ ಹೇಳಲಿಲ್ಲ, ಆದರೂ ಕೊಟ್ಟೆ.

ಒಳಗೆ ಜನರಿಗೆ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಇಷ್ಟು ದೊಡ್ಡ ದನಿ ಯಾರದು? ಮೊದಲು ಬಡಗಿ ಬಾಗಿಲಿಂದ ತಲೆ ಹೊರಗೆ ಹಾಕಿದ. ಆಮೇಲೆ ಅರ್ಧ ಮೈ. ಆಮೇಲೆ ಪೂರ್ತಿ ಹೊರಗೆ ಬಂದು ಅವಳನ್ನು ನೋಡಲು ಕತ್ತು ಎತ್ತಿದ. ಕತ್ತಿನ ಹಿಂದೆ ಎದೆ ಬಂತು, ಎದೆಯ ಹಿಂದೆ ಸೊಂಟ ಬಂತು. ಚಟ್ ಚಟ್ ಚಟ್. "ಅಯ್ಯಯ್ಯೋ, ಮುರೀತು!" ಎಂದು ಕೂಗಿಕೊಂಡ. ಮುರಿದಿರಲಿಲ್ಲ. ಅವನು ನಿಂತಿದ್ದ.

ಅವನ ಕೂಗಿಗೆ ಇನ್ನೊಬ್ಬರು ಬಂದರು. ಅವರ ಹಿಂದೆ ಇನ್ನೊಬ್ಬರು. ಒಲೆಯಲ್ಲಿ ಹಸಿ ಸೌದೆ ಸಿಡಿದ ಹಾಗೆ ಊರಿನ ಎಲುಬುಗಳು ಸಿಡಿದವು. ಗಂಡಂದಿರು ಹೆಂಡಿರ ಮುಖವನ್ನು ನೇರವಾಗಿ ನೋಡಿದರು. "ನಿಮ್ಮ ಗಡ್ಡದ ಕೆಳಗೆ ಇಂಥಾ ಮಚ್ಚೆ ಇದೆ ಅಂತ ಗೊತ್ತೇ ಇರಲಿಲ್ಲವಲ್ರೀ!" ಎಂದು ಒಬ್ಬಳು ಅಂದಳು. ಕೊಟ್ಟೆ, ಕೊಟ್ಟೆ ಎಂದು ಎಲ್ಲರೂ ಹಾಡಿಗೆ ಸೇರಿದರು. ಕೊನೆಯಲ್ಲಿ ಹಿರಿಯ ಬಂದ. ಅವನಿಗೆ ಒಬ್ಬರು ಕೈ ಕೊಟ್ಟು ಎಬ್ಬಿಸಬೇಕಾಯಿತು.

ಅಳತೆಗಾರ ಕೋಲು ಹಿಡಿದು ಓಡಿ ಬಂದ. ಬಡಗಿಯ ಪಕ್ಕ ನಿಲ್ಲಿಸಿದ. ಎದೆಗೆ ಬಂತು. ಹಿರಿಯನ ಪಕ್ಕ ನಿಲ್ಲಿಸಿದ. ಎದೆಗೆ ಬಂತು. ಕೋಲು ಕೆಸರಿನಲ್ಲಿ ಹೂತಿರಬೇಕೆಂದು ಕಲ್ಲಿನ ಮೇಲೆ ಇಟ್ಟು ನೋಡಿದ. ಗಾಬರಿಯಲ್ಲಿ ಅವನೂ ಬೆನ್ನು ನೆಟ್ಟಗೆ ಮಾಡಿದ. ಕೋಲು ಅವನ ಎದೆಗೇ ಬಂತು.

"ಸ್ವಾಮೀ, ಈ ಕೋಲು ಇಷ್ಟೇ ಉದ್ದ ಯಾಕೆ?" ಎಂದು ಹಾಡಿನವಳು ಕೇಳಿದಳು. ಕೊಂಕಿನಿಂದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಅಳತೆಗಾರ ಕೋಲನ್ನು ನೋಡಿದ. ಹಾಗೆಂದು ಈವರೆಗೆ ಯಾರೂ ಅವನನ್ನು ಕೇಳಿರಲಿಲ್ಲ.

"ಹಡಗಿನಲ್ಲಿ ನನ್ನ ಪೆಟ್ಟಿಗೆ ಇಷ್ಟೇ ಉದ್ದ ತಾಯಿ. ಅದರಲ್ಲಿ ಹಿಡಿಸೋ ಹಾಗೆ ಕತ್ತರಿಸ್ತೀನಿ."

"ವರ್ಷ ವರ್ಷ ಗಿಡ್ಡವಾಗೋದು?"

"ವರ್ಷ ವರ್ಷ ನನ್ನ ಕೋಣೆ ಚಿಕ್ಕದು ಮಾಡ್ತಾರೆ. ಜಾಗ ಬೇಕಲ್ಲ. ಇಲ್ಲಿಂದ ನಿಮ್ಮ ಮರದ ದಿಮ್ಮಿ ಒಯ್ಯಬೇಕು, ಜೋಳ ಒಯ್ಯಬೇಕು. ವರ್ಷ ವರ್ಷ ನಿಮ್ಮಲ್ಲಿ ಬೆಳೆ ಜಾಸ್ತಿ."

ಹಿರಿಯ ನಿಧಾನವಾಗಿ ಕೈ ಎತ್ತಿ ಹಣೆಯ ನೀಲಿ ಗುರುತನ್ನು ಮುಟ್ಟಿಕೊಂಡ. ಅವನ ಹೊಟ್ಟೆ ಅಲುಗಿತು. ಹಿರಿಯ ನಗುತ್ತಿದ್ದ. ಅವನು ನಕ್ಕದ್ದನ್ನು ಕಂಡು ಊರೇ ನಕ್ಕಿತು. ಅಳತೆಗಾರನಿಗೂ ತಡೆಯಲಾಗಲಿಲ್ಲ.

ಆದರೆ ಅಳತೆಗಾರ ಕರ್ತವ್ಯ ಮರೆಯುವವನಲ್ಲ. ನಗು ಒರೆಸಿಕೊಂಡು ಅಂದ, "ಅದೆಲ್ಲ ಸರಿ. ನೇಮ ನೇಮವೇ. ಒಳಗೆ ಇಲ್ಲದವರು ಹಡಗು ಹತ್ತಬೇಕು."

ಹಾಡಿನವಳು ಗಂಡನ ಕೈ ಹಿಡಿದಳು. ಹಿರಿಯ ನೇಮದ ಆ ಮಾತನ್ನು ಮನಸ್ಸಿನಲ್ಲಿ ಎರಡು ಕಡೆಯಿಂದಲೂ ತಿರುಗಿಸಿ ನೋಡಿದ. ಆಮೇಲೆ ಮಂಡಿಯೂರಿ, ಬಾಗಿಲಲ್ಲಿ ತಲೆ ಹಾಕಿ ಒಳಗೆ ನೋಡಿದ. ಒಳಗೆ ದೀಪ ಉರಿಯುತ್ತಿತ್ತು. ಪೀಠದ ಮೇಲೆ ಗ್ರಂಥವಿತ್ತು. ಬೇರೆ ಯಾರೂ ಇರಲಿಲ್ಲ.

"ಒಳಗೆ ಒಂದು ನರಪಿಳ್ಳೆ ಇಲ್ಲ," ಎಂದು ಎದ್ದು ನಿಂತು ಹೇಳಿದ. "ನಾವೂ ಹೊರಗೆ. ನೀವೂ ಹೊರಗೆ. ಎಲ್ಲರೂ ಹತ್ತೋಣ, ನಡೀರಿ. ಗಂಟೆಯವನನ್ನ ಒಬ್ಬನನ್ನೇ ಕಳಿಸೋದು ಯಾವ ನ್ಯಾಯ?"

"ಅಷ್ಟು ಜನಕ್ಕೆ ಜಾಗ ಎಲ್ಲಿದೆ ಸ್ವಾಮೀ!" ಅಂದ ಅಳತೆಗಾರ.

"ಹಾಗಾದರೆ ಅವನು ಊರಿನವನು. ನಾವು ಎಷ್ಟು ಊರಿನವರೋ ಅವನೂ ಅಷ್ಟೇ ಊರಿನವನು."

ಹಾಡಿನವಳು ಆ ಮಾತು ಕೇಳಿ ಮೊದಲು ದೇವರನ್ನು ನೆನೆದಳು, ಆಮೇಲೆ ಗಂಡನ ಕಡೆ ತಿರುಗಿದಳು. ಬಗ್ಗಲಾರದವನ ಕಣ್ಣು ಒರೆಸಲು ಈ ಸಲ ಅವಳು ಸ್ವಲ್ಪ ತುದಿಗಾಲಲ್ಲಿ ನಿಲ್ಲಬೇಕಾಯಿತು, ಅಷ್ಟೇ.

ಅಳತೆಗಾರನನ್ನು ಊರು ಬರಿಗೈಯಲ್ಲಿ ಕಳಿಸಲಿಲ್ಲ. ಹಿರಿಯ ಅವನ ಎರಡೂ ಕೈ ಹಿಡಿದು, "ನಮ್ಮಜ್ಜಿಯ ಜೋಗುಳ ನಿಮ್ಮ ದಡದ್ದು. ದೇವರ ಹೆಸರೂ ಅಲ್ಲಿಂದಲೇ ಬಂತು. ಅದಕ್ಕೆ ನಾವು ಎಂದೆಂದಿಗೂ ಋಣಿಗಳು. ಪಂಡಿತರನ್ನ ಒಂದು ಸಲ ಬರಹೇಳಿ. ಬಂದು, ಉಂಡು, ನೋಡಿಹೋಗಲಿ," ಅಂದ. ಏನು ಬರೆದುಕೊಳ್ಳಲಿ, ನೀವು ಎಂಥ ಜನ ಎಂದು ಬರೆಯಲಿ ಎಂದು ಅಳತೆಗಾರ ಕೇಳಿದಾಗ ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬರು ಹೇಳಿದ ಹಾಗೆ ಇನ್ನೊಬ್ಬರು ಹೇಳಲಿಲ್ಲ. ಅವನು ಲೇಖನಿ ಜೇಬಿಗಿಟ್ಟು ಜೋಳದ ರೊಟ್ಟಿ ತಿನ್ನಲು ಕೂತ.

ಹಡಗು ಹೋಯಿತು. ಬಡಗಿ ಪ್ರಾರ್ಥನೆಯ ಮನೆಯ ಬಾಗಿಲ ಪಟ್ಟಿಯನ್ನೂ ಅದರ ಮೇಲಿನ ಗೋಡೆಯನ್ನೂ ಕಿತ್ತ. ಹೊಸ ಬಾಗಿಲು ಎಷ್ಟೆತ್ತರ ಇರಬೇಕೆಂದು ಊರು ಸೇರಿ ಮಾತಾಡಿತು. ಬಡಗಿ ತನ್ನಷ್ಟು ಸಾಕು ಅಂದ. ಗಂಟೆಯವನಷ್ಟು ಬೇಕೆಂದು ಕೆಲವರು. ಮಕ್ಕಳು ಇನ್ನೂ ಬೆಳೆಯುತ್ತಿದ್ದಾರೆ, ಎಷ್ಟಾಗುತ್ತಾರೋ ಯಾರು ಕಂಡಿದ್ದಾರೆ ಎಂದು ತಾಯಂದಿರು. ಮಾತು ಮುಗಿಯಲಿಲ್ಲ. ಇಂದಿಗೂ ಮುಗಿದಿಲ್ಲ ಅನ್ನುತ್ತಾರೆ. ಆದ್ದರಿಂದ ಆ ಚಳಿಗಾಲ ಬಾಗಿಲ ಮೇಲೆ ಪಟ್ಟಿಯೇ ಇರಲಿಲ್ಲ, ಮೇಲಿನ ಗೋಡೆಯೂ ಇರಲಿಲ್ಲ. ಹಿಮ ನೇರ ಒಳಗೆ ಬಿತ್ತು. ಜನ ಮಡಿಲಲ್ಲಿ ಹಿಮ ಇಟ್ಟುಕೊಂಡು ಕೂತರು, ಅದಕ್ಕೂ ಸ್ತೋತ್ರ ಹೇಳಿದರು.

ಅಂಥ ಒಂದು ಬೆಳಿಗ್ಗೆ ಕಾಡಿನ ಮುದುಕಿ ಬಂದಳು. ಹಾಡಿನವಳೇ ಹೋಗಿ ಕರೆದಿದ್ದಳು. ಮುದುಕಿ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು, ಕೆಳಗೆ ನೋಡಿದಳು. "ಇಷ್ಟು ದಿನ ನಿಮ್ಮ ಬಾಗಿಲು ನಿಮಗೇ ಸಾಲ್ತಿರಲಿಲ್ಲ," ಅಂದಳು. "ನನಗೆಲ್ಲಿ ಸಾಲಬೇಕು?" ನೆಟ್ಟಗೆ ನಡೆದು ಬಂದು, ಹಿಮ ಬೀಳದ ಒಳ್ಳೆಯ ಜಾಗ ನೋಡಿ ಕೂತಳು. ಅವಳು ತಲೆ ಬಾಗಿಸಲಿಲ್ಲ. ಅವಳನ್ನು ಅವಳ ದೇವರು ಹೇಗೆ ನಿಲ್ಲಿಸಿಕೊಂಡಿದ್ದಾನೋ, ಕೇಳಲು ನಾವು ಯಾರು?

ಹಾಡಿನವಳು ಹಾಡು ಎತ್ತಿದಳು. ದನಿ ಕೊನೆಯ ಸಾಲಿನ ತನಕ ಹೋಯಿತು, ಬಾಗಿಲು ದಾಟಿ ಹೊಳೆಯ ತನಕ ಹೋಯಿತು. ಆಗ, ಯಾವ ಪಟ್ಟಿಯೂ ತಲೆಯ ಮೇಲೆ ಇಲ್ಲದಾಗ, ಆ ಊರಿನ ಜನ ಒಬ್ಬೊಬ್ಬರಾಗಿ, ತಾವಾಗಿಯೇ, ದೇವರಿಗೆ ತಲೆಬಾಗಿದರು. ಗಂಟೆಯವನು ಗೋಡೆಗೆ ಒರಗಿ ನಿಂತಿದ್ದ. ಬಾಗಲಾರದವನು ಕಣ್ಣು ತಗ್ಗಿಸಿದ. ಅಷ್ಟು ಸಾಕಾಯಿತು ದೇವರಿಗೆ.